ಅಂತಃಸಾಕ್ಷಿಯೆಂಬ ಮೊದಲ ಪದ

ಶ್ರವಣಬೆಳಗೊಳದಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ, ಕ್ರಿ.ಶ. 1368ರ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ನಡುವೆ ಹುಟ್ಟಿದ ವಿವಾದವನ್ನು ಅರಸನು ಪರಿಹರಿಸಿದ ಬಗೆಯನ್ನು ಅದು ತಿಳಿಸುತ್ತದೆ. ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಬಿನ್ನವಿಸಿಕೊಂಡಾಗ ಅರಸನು ಉಭಯ ಪಕ್ಷದವರನ್ನೂ ಸೇರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕವೆಂದು ವಿಧಿಸಿದನು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಬೆಳಗೊಳದ ದೇವರ ರಕ್ಷಣೆಗಾಗಿ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕೆಂದೂ, ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದೂ ಏರ್ಪಾಡಾಯಿತು.

ಕನ್ನಡ ನಾಡಿನ ಪರಧರ್ಮಸಹಿಷ್ಣುತೆಗೆ ಸಾಕ್ಷಿಯೆಂದು ಈ ಶಾಸನವನ್ನು ಹೆಮ್ಮೆಯಿಂದ ಉದಾಹರಿಸುವುದು ರೂಢಿ. ಆ ಹೆಮ್ಮೆ ನ್ಯಾಯವಾದುದೇ. ಆದರೆ ಶಾಸನವನ್ನು ಧರ್ಮಸ್ವಾತಂತ್ರ್ಯದ ದಾಖಲೆಯೆಂದು ಓದುವಾಗ ಅದರಲ್ಲಿ ಇರುವುದನ್ನೂ ಇಲ್ಲದುದನ್ನೂ ಒಟ್ಟಿಗೆ ಗಮನಿಸಬೇಕಾಗುತ್ತದೆ. ಅಲ್ಲಿ ಅರಸನ ಕೃಪೆಯಿದೆ, ಎರಡು ಸಮುದಾಯಗಳ ನಡುವಣ ಒಡಂಬಡಿಕೆಯಿದೆ, ವಾದ್ಯಗಳ ಮತ್ತು ಕಲಶದ ಗೌರವವಿದೆ, ಕಾವಲಿನ ವೆಚ್ಚವಿದೆ. ತನ್ನ ಮನಸ್ಸಿಗೆ ಸತ್ಯವೆಂದು ತೋರಿದುದನ್ನು ನಂಬಿ ನಡೆಯುವ ಒಬ್ಬ ವ್ಯಕ್ತಿಯ ಪ್ರಸ್ತಾಪವಿಲ್ಲ. ಅದು ಆ ಕಾಲದ ದೋಷವಲ್ಲ. ಆ ಕಾಲದ ಭಾಷೆಯಲ್ಲಿ ಅಂತಹ ಮಾತಿಗೆ ಸ್ಥಾನವೇ ಇರಲಿಲ್ಲ. ಭಾರತದ ಸಂವಿಧಾನವು ಆ ಸ್ಥಾನವನ್ನು ಕಲ್ಪಿಸಿತು. ಕಲ್ಪಿಸಿದ ಸ್ಥಾನವನ್ನು ನ್ಯಾಯಾಲಯಗಳು, ಸಮುದಾಯಗಳು ಮತ್ತು ವಿಶೇಷವಾಗಿ ಜೈನ ಸಮಾಜವು ಎಷ್ಟರಮಟ್ಟಿಗೆ ಬಳಸಿಕೊಂಡಿವೆ ಎಂಬುದು ವಿಮರ್ಶೆಗೆ ಅರ್ಹವಾದ ವಿಷಯ.

ಕೃಪೆಯಿಂದ ಹಕ್ಕಿನೆಡೆಗೆ

ಬುಕ್ಕರಾಯನ ಶಾಸನಕ್ಕೂ ಆಧುನಿಕ ಸಂವಿಧಾನಕ್ಕೂ ನಡುವೆ ಇರುವ ಮುಖ್ಯ ಮೆಟ್ಟಿಲು 1858ರ ನವೆಂಬರ್ 1ರಂದು ಹೊರಟ ವಿಕ್ಟೋರಿಯಾ ರಾಣಿಯ ಘೋಷಣೆ. ಧರ್ಮದ ಕಾರಣದಿಂದ ಯಾರಿಗೂ ವಿಶೇಷ ಅನುಗ್ರಹವಾಗಲಿ ಕಿರುಕುಳವಾಗಲಿ ಇಲ್ಲವೆಂದೂ, ಕಾನೂನಿನ ರಕ್ಷಣೆ ಎಲ್ಲರಿಗೂ ಸಮಾನವೆಂದೂ, ಅಧಿಕಾರಿಗಳು ಪ್ರಜೆಗಳ ನಂಬಿಕೆ ಮತ್ತು ಪೂಜೆಗಳಲ್ಲಿ ಕೈಹಾಕಬಾರದೆಂದೂ ಅದು ಆಶ್ವಾಸನೆ ನೀಡಿತು. ಇದೂ ರಾಣಿಯ ಚಿತ್ತದಿಂದ ಹೊರಟ ಮಾತೇ. ಕೊಟ್ಟವರು ಹಿಂತೆಗೆದುಕೊಂಡರೆ ಪ್ರಜೆಯು ಯಾವ ನ್ಯಾಯಪೀಠದ ಮುಂದೆಯೂ ನಿಂತು ಕೇಳುವಂತಿರಲಿಲ್ಲ.

ಮೋತಿಲಾಲ್ ನೆಹರೂ ಅವರ ಅಧ್ಯಕ್ಷತೆಯ ಸಮಿತಿಯು 1928ರಲ್ಲಿ ಸಿದ್ಧಪಡಿಸಿದ ವರದಿಯಲ್ಲಿ ಭಾಷೆ ಬದಲಾಗುತ್ತದೆ. ಸಾರ್ವಜನಿಕ ಸುವ್ಯವಸ್ಥೆ ಮತ್ತು ನೀತಿಗಳಿಗೆ ಒಳಪಟ್ಟು, ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಮುಕ್ತವಾಗಿ ಅವಲಂಬಿಸಿ ಆಚರಿಸುವ ಸ್ವಾತಂತ್ರ್ಯವನ್ನೂ ಪ್ರತಿಯೊಬ್ಬ ವ್ಯಕ್ತಿಗೆ ಅದು ಖಾತರಿಪಡಿಸಬಯಸಿತು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯವು ಇದೇ ಜಾಡಿನಲ್ಲಿ ಸಾಗಿ, ಎಲ್ಲ ಧರ್ಮಗಳ ವಿಷಯದಲ್ಲಿ ರಾಜ್ಯವು ತಟಸ್ಥವಾಗಿರತಕ್ಕದ್ದೆಂಬ ತತ್ತ್ವವನ್ನು ಸೇರಿಸಿತು. ಈ ಎರಡು ದಾಖಲೆಗಳಲ್ಲಿಯೂ ಅಂತಃಸಾಕ್ಷಿಯೇ ಮೊದಲ ಪದ. ಧರ್ಮದ ಆಚರಣೆಯು ಅದರ ಬೆನ್ನಿಗೆ ಬರುತ್ತದೆ.

ಸಂವಿಧಾನ ಸಭೆಯ ಸಮಿತಿಗಳಲ್ಲಿ 1947ರಲ್ಲಿ ಈ ವಿಷಯ ಚರ್ಚೆಗೆ ಬಂದಾಗ ವಿವಾದವೆದ್ದುದು 'ಆಚರಣೆ' ಎಂಬ ಶಬ್ದದ ಮೇಲೆ. ರಾಜಕುಮಾರಿ ಅಮೃತ್ ಕೌರ್ ಮತ್ತು ಹಂಸಾ ಮೆಹ್ತಾ ಅವರು ಈ ಶಬ್ದದ ಬಗ್ಗೆ ಗಂಭೀರವಾದ ಆಕ್ಷೇಪವನ್ನು ದಾಖಲಿಸಿದರು. ಆಚರಣೆಗೆ ನಿರುಪಾಧಿಕವಾದ ರಕ್ಷಣೆ ದೊರೆತರೆ ಪರದೆ ಪದ್ಧತಿ, ಹೆಣ್ಣುಮಕ್ಕಳನ್ನು ದೇವಾಲಯಗಳಿಗೆ ಒಪ್ಪಿಸುವ ಪದ್ಧತಿ ಮುಂತಾದವುಗಳನ್ನು ಮುಂದೆ ಯಾವ ಶಾಸನಸಭೆಯೂ ಮುಟ್ಟಲಾರದೆಂಬುದು ಅವರ ಭಯ. ಆ ಭಯ ನಿರಾಧಾರವಾಗಿರಲಿಲ್ಲ. ಸಾಮಾಜಿಕ ಕಲ್ಯಾಣ ಮತ್ತು ಸುಧಾರಣೆಗಾಗಿ ಕಾನೂನು ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಉಳಿಸಿದ ಉಪವಾಕ್ಯವು ಈ ಎಚ್ಚರಿಕೆಯ ಫಲ. 'ಪ್ರಚಾರ' ಎಂಬ ಶಬ್ದಕ್ಕಾಗಿ ಎಂ. ರತ್ನಸ್ವಾಮಿಯವರು ವಾದಿಸಿದರು, 1948ರ ಡಿಸೆಂಬರಿನ ಚರ್ಚೆಯಲ್ಲಿ ಲೋಕನಾಥ ಮಿಶ್ರರು ಅದನ್ನು ತೀವ್ರವಾಗಿ ವಿರೋಧಿಸಿದರು, ಕೆ.ಎಂ. ಮುನ್ಶಿಯವರು ಸಮರ್ಥಿಸಿದರು. ಧರ್ಮವು ಮನುಷ್ಯನಿಗೂ ಅವನ ದೇವರಿಗೂ ಸೇರಿದ ಖಾಸಗಿ ವಿಷಯವಾದುದರಿಂದ ಅದರ ಹೊರಚಿಹ್ನೆಗಳೇ ಬೇಡವೆಂದು ತಜಮ್ಮುಲ್ ಹುಸೇನರು ವಾದಿಸಿದುದೂ ಆಗಲೇ.

ಕೊನೆಗೆ ರೂಪುಗೊಂಡ 25ನೆಯ ಅನುಚ್ಛೇದವು ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯ ಮತ್ತು ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಟ್ಟು ಸಕಲ ವ್ಯಕ್ತಿಗಳಿಗೂ ಸಮಾನವಾಗಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ, ಧರ್ಮವನ್ನು ಅವಲಂಬಿಸುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನೂ ನೀಡುತ್ತದೆ. 26ನೆಯ ಅನುಚ್ಛೇದವು ಧಾರ್ಮಿಕ ಪಂಗಡಗಳಿಗೆ ಸಂಸ್ಥೆಗಳನ್ನು ಸ್ಥಾಪಿಸುವ, ಧರ್ಮದ ವಿಷಯಗಳಲ್ಲಿ ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳುವ, ಆಸ್ತಿಯನ್ನು ಹೊಂದುವ ಹಾಗೂ ಅದನ್ನು ಕಾನೂನಿನ ಮೇರೆಗೆ ಆಡಳಿತ ಮಾಡುವ ಹಕ್ಕುಗಳನ್ನು ಕೊಡುತ್ತದೆ. ಎರಡು ಅನುಚ್ಛೇದಗಳ ಅನುಕ್ರಮವು ಅರ್ಥಪೂರ್ಣವಾದುದು. ಮೊದಲು ವ್ಯಕ್ತಿ, ಅನಂತರ ಪಂಗಡ; ವ್ಯಕ್ತಿಯ ವಿಷಯದಲ್ಲಿಯೂ ಮೊದಲು ಅಂತಃಸಾಕ್ಷಿ, ಅನಂತರ ಆಚರಣೆ. ಸಂವಿಧಾನವನ್ನು ಒಂದು ಕೃತಿಯೆಂದು ಓದುವವರಿಗೆ ಈ ಕ್ರಮವೇ ಅದರ ಆಶಯವನ್ನು ತಿಳಿಸುತ್ತದೆ. ಸಂವಿಧಾನಾನಂತರದ ಏಳು ದಶಕಗಳ ಇತಿಹಾಸದಲ್ಲಿ ಈ ಕ್ರಮವು ಬಹುಮಟ್ಟಿಗೆ ತಿರುಗುಮುರುಗಾಗಿದೆ.

ವಿವರಣೆಯೊಳಗಿನ ಜೈನ ಶಬ್ದ

ಜೈನ ಸಮಾಜದ ಗಮನವು ಆರಂಭದಿಂದಲೂ ನೆಟ್ಟಿದ್ದುದು 25ನೆಯ ಅನುಚ್ಛೇದದ ಎರಡನೆಯ ವಿವರಣೆಯ ಮೇಲೆ. ಸಾರ್ವಜನಿಕ ಸ್ವರೂಪದ ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯಲು ಕಾನೂನು ಮಾಡಬಹುದೆಂದು ಹೇಳುವ ಉಪವಾಕ್ಯದಲ್ಲಿ 'ಹಿಂದೂ' ಎಂಬುದು ಸಿಖ್, ಜೈನ ಅಥವಾ ಬೌದ್ಧ ಧರ್ಮವನ್ನು ಅವಲಂಬಿಸುವವರನ್ನೂ ಒಳಗೊಳ್ಳತಕ್ಕದ್ದೆಂದು ಆ ವಿವರಣೆ ತಿಳಿಸುತ್ತದೆ. ಇದರಿಂದ ಜೈನಧರ್ಮದ ಪ್ರತ್ಯೇಕತೆಯೇ ಅಳಿಯಿತೆಂಬ ಆತಂಕ ಹಬ್ಬಿತು. ಸಂವಿಧಾನ ಜಾರಿಗೆ ಬರುವ ಮುನ್ನಾದಿನ ಜೈನ ನಿಯೋಗವೊಂದು ಪ್ರಧಾನಮಂತ್ರಿ ನೆಹರೂ ಅವರನ್ನು ಕಂಡಿತು. ಜೈನರು ಪ್ರತ್ಯೇಕ ಧಾರ್ಮಿಕ ಸಮುದಾಯವೆಂಬುದರಲ್ಲಿ ಸಂದೇಹವಿಲ್ಲವೆಂಬ ಉತ್ತರ 1950ರ ಜನವರಿ 31ರಂದು ಅವರ ಕಾರ್ಯದರ್ಶಿಯ ಪತ್ರದ ಮೂಲಕ ಬಂದಿತು.

ವಾಸ್ತವವಾಗಿ ವಿವರಣೆಯ ಪದಗಳನ್ನು ಸಾವಧಾನವಾಗಿ ಓದಿದರೆ ಆ ಪತ್ರದ ಆಸರೆಯೂ ಬೇಕಾಗಿರಲಿಲ್ಲ. ವಿವರಣೆಯ ವ್ಯಾಪ್ತಿ ಒಂದೇ ಉಪವಾಕ್ಯಕ್ಕೆ ಸೀಮಿತ. ಅಷ್ಟೇ ಅಲ್ಲದೆ, ಜೈನ ಧರ್ಮವನ್ನು ಅವಲಂಬಿಸುವವರೆಂದು ಹೇಳುವಾಗಲೇ ಜೈನವು ಒಂದು ಧರ್ಮವೆಂಬುದನ್ನು ಸಂವಿಧಾನವು ತನ್ನ ಬಾಯಿಂದಲೇ ಒಪ್ಪಿಕೊಂಡಿದೆ. ಬೇರೆಯಾಗಿರುವುದನ್ನು ಮಾತ್ರ 'ಒಳಗೊಳ್ಳತಕ್ಕದ್ದು' ಎಂದು ವಿಧಿಸಬೇಕಾಗುತ್ತದೆ.

ಈ ಆತಂಕದ ಇನ್ನೊಂದು ಮುಖ ಹೆಚ್ಚು ಕ್ಲೇಶಕರವಾದುದು. ಮುಂಬಯಿ ಪ್ರಾಂತದ 1947ರ ಹರಿಜನ ದೇವಾಲಯ ಪ್ರವೇಶ ಕಾಯಿದೆಯು ಜೈನ ಮಂದಿರಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಾಗ, ಬೆಳಗಾವಿ ಸೀಮೆಯಲ್ಲಿ ಜನಿಸಿ ದಿಗಂಬರ ಮುನಿಪರಂಪರೆಗೆ ಪುನಶ್ಚೇತನ ನೀಡಿದ ಆಚಾರ್ಯ ಶಾಂತಿಸಾಗರ ಮಹಾರಾಜರು ಅನ್ನಾಹಾರವನ್ನು ತ್ಯಜಿಸಿದರು. 1951ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ತೀರ್ಪಿತ್ತಿತು. ಹಿಂದೂಗಳಿಗೆ ಇರುವ ಹಕ್ಕನ್ನೇ ಹರಿಜನರಿಗೂ ನೀಡುವುದು ಕಾಯಿದೆಯ ಉದ್ದೇಶ. ಜೈನ ಮಂದಿರದಲ್ಲಿ ಹಿಂದೂಗಳಿಗೇ ಇಲ್ಲದ ಹಕ್ಕು ಆ ಕಾಯಿದೆಯ ಮೂಲಕ ಹುಟ್ಟಲಾರದು ಎಂಬುದು ಅದರ ಸಾರ. ಸುಮಾರು ಮೂರು ವರ್ಷಗಳ ಅನ್ನತ್ಯಾಗ ಆಗ ಮುಗಿಯಿತು.

ಆಚಾರ್ಯರು ಕಾಪಾಡಬಯಸಿದುದು ಧರ್ಮದ ಪ್ರತ್ಯೇಕ ಅಸ್ತಿತ್ವವನ್ನು. ಅವರ ತಪಸ್ಸಿನ ನೈರ್ಮಲ್ಯದಲ್ಲಿ ಯಾರಿಗೂ ಶಂಕೆಯಿರಲಾರದು. ತೀರ್ಪಿನ ತರ್ಕವೂ ಕಾನೂನಿನ ದೃಷ್ಟಿಯಿಂದ ಸುಸಂಬದ್ಧವಾದುದೇ. ಆದರೆ ನ್ಯಾಯಾಲಯವು ಉತ್ತರಿಸಿದುದು ಜೈನರು ಹಿಂದೂಗಳೇ ಎಂಬ ಪ್ರಶ್ನೆಗೆ. ಹುಟ್ಟಿನ ಕಾರಣದಿಂದ ಒಬ್ಬನನ್ನು ಜಿನಬಿಂಬದ ದರ್ಶನದಿಂದ ದೂರವಿಡಬಹುದೇ ಎಂಬ ಪ್ರಶ್ನೆ ಅದರ ಮುಂದಿರಲಿಲ್ಲ. ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೆಯ ಅನುಚ್ಛೇದವು 1950ರಿಂದಲೇ ಜಾರಿಯಲ್ಲಿತ್ತು. ಅದಕ್ಕಿಂತಲೂ ಪ್ರಾಚೀನವಾದ ಪ್ರಮಾಣವೊಂದು ಜೈನ ಪುರಾಣಗಳಲ್ಲಿಯೇ ಇದೆ: ದೇವ ಮಾನವ ತಿರ್ಯಂಚರೆಲ್ಲರೂ ಸೇರುವ ಸಮವಸರಣ. ಪಶುಪಕ್ಷಿಗಳಿಗೂ ಕುಳಿತು ಕೇಳಲು ಸ್ಥಳವಿರುವ ಆ ಸಭೆಯ ಪ್ರತೀಕವಾದ ಜಿನಾಲಯದಲ್ಲಿ ಮನುಷ್ಯನ ಜಾತಿಯನ್ನು ವಿಚಾರಿಸುವುದಕ್ಕೆ ಯಾವ ಆಧಾರವಿದೆಯೆಂಬುದನ್ನು ಸಮಾಜವು ತನಗೆ ತಾನೇ ಕೇಳಿಕೊಳ್ಳಬೇಕಾಗಿತ್ತು. ನ್ಯಾಯಾಲಯದಲ್ಲಿ ಗೆದ್ದುದರಿಂದ ಆ ಪ್ರಶ್ನೆಯಿಂದ ಬಿಡುಗಡೆ ದೊರೆಯಿತೆಂದು ಭಾವಿಸಿದವರು ಹಕ್ಕನ್ನು ಉಳಿಸಿಕೊಂಡು ಅಂತಃಸಾಕ್ಷಿಯ ಮಾತನ್ನು ಮುಂದೂಡಿದಂತಾಯಿತು.

1954ರ ಎರಡು ತೀರ್ಪುಗಳು

ಧರ್ಮಸ್ವಾತಂತ್ರ್ಯದ ವ್ಯಾಖ್ಯಾನಕ್ಕೆ ಅಡಿಗಲ್ಲಾದ ಎರಡು ತೀರ್ಪುಗಳನ್ನು ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ನೀಡಿತು. ಒಂದು ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಪ್ರಕರಣ. ಇನ್ನೊಂದು ಜೈನ ಮಂದಿರದ ವ್ಯವಸ್ಥಾಪಕರಾದ ರತಿಲಾಲ್ ಪಾನಾಚಂದ್ ಗಾಂಧಿಯವರು ಮುಂಬಯಿಯ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯಿದೆಯನ್ನು ಪ್ರಶ್ನಿಸಿದ ಪ್ರಕರಣ. ಎರಡೂ ತೀರ್ಪುಗಳನ್ನು ಬರೆದವರು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿ.

ಶಿರೂರು ಪ್ರಕರಣದಲ್ಲಿ ಧರ್ಮವೆಂದರೆ ಏನೆಂಬ ಪ್ರಶ್ನೆ ಬಂದಾಗ ನ್ಯಾಯಾಲಯವು ಜೈನ ಮತ್ತು ಬೌದ್ಧ ಧರ್ಮಗಳನ್ನೇ ನೆನೆಯಿತು. ಜಗತ್ಕರ್ತನಾದ ಈಶ್ವರನನ್ನು ಒಪ್ಪದ ಪ್ರಸಿದ್ಧ ಧರ್ಮಗಳು ಭಾರತದಲ್ಲಿರುವಾಗ, ದೇವರಲ್ಲಿ ನಂಬಿಕೆಯೇ ಧರ್ಮದ ಲಕ್ಷಣವೆಂದು ಹೇಳಲಾಗದೆಂಬುದು ಅದರ ನಿಲುವು. ಯಾವುದು ಧರ್ಮದ ಆವಶ್ಯಕ ಭಾಗವೆಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕೆಂದೂ ಅದು ಹೇಳಿತು. ಅಲ್ಪಸಂಖ್ಯಾತವಾದ ದರ್ಶನವೊಂದು ಇಡೀ ದೇಶದ ಕಾನೂನಿನ ವ್ಯಾಖ್ಯಾನವನ್ನು ವಿಶಾಲಗೊಳಿಸಿದ ಅಪೂರ್ವ ಸಂದರ್ಭವಿದು. ಜೈನ ಓದುಗರಲ್ಲಿ ಈ ಸಂಗತಿ ಸಾಕಷ್ಟು ಪ್ರಚಾರ ಪಡೆದಿಲ್ಲವೆಂಬುದು ವಿಷಾದನೀಯ.

ರತಿಲಾಲ್ ಪ್ರಕರಣದ ತೀರ್ಪು ಟ್ರಸ್ಟುಗಳಿಗೆ ನೇರವಾಗಿ ಸಂಬಂಧಿಸಿದುದು. ಧಾರ್ಮಿಕ ಟ್ರಸ್ಟಿಗೆ ಸರಕಾರದ ದತ್ತಿ ಆಯುಕ್ತರನ್ನೇ ಧರ್ಮದರ್ಶಿಯನ್ನಾಗಿ ನೇಮಿಸುವ ನಿಯಮವನ್ನು ನ್ಯಾಯಾಲಯವು ರದ್ದುಪಡಿಸಿತು. ದಾನಿಯು ಒಂದು ಧರ್ಮಕಾರ್ಯಕ್ಕೆಂದು ಕೊಟ್ಟ ಹಣವನ್ನು, ಆ ಕಾರ್ಯಕ್ಕೆ ಅವಕಾಶವಿರುವಾಗಲೂ, ಅಧಿಕಾರಿಗಳು ಬೇರೆಡೆಗೆ ತಿರುಗಿಸಲು ಎಡೆಮಾಡಿದ ನಿಯಮವನ್ನೂ ತಳ್ಳಿಹಾಕಿತು. ಆಡಳಿತವನ್ನು ಕಾನೂನು ನಿಯಂತ್ರಿಸಬಹುದೇ ಹೊರತು ಪಂಗಡದ ಕೈಯಿಂದ ಪೂರ್ತಿಯಾಗಿ ಕಸಿದುಕೊಳ್ಳಬಾರದೆಂದು ಸ್ಪಷ್ಟಪಡಿಸಿತು. ಅದೇ ತೀರ್ಪು ಟ್ರಸ್ಟುಗಳ ನೋಂದಣಿ, ಲೆಕ್ಕಪತ್ರಗಳ ತಪಾಸಣೆ ಮತ್ತು ಆಡಳಿತ ನಿಧಿಗೆ ಸಲ್ಲಿಸಬೇಕಾದ ವಂತಿಗೆ ಇವುಗಳನ್ನು ಎತ್ತಿಹಿಡಿಯಿತೆಂಬುದನ್ನು ಮರೆಯಬಾರದು. ಸರಕಾರದ ಹಸ್ತಕ್ಷೇಪದ ಮಾತು ಬಂದಾಗ ತೀರ್ಪಿನ ಮೊದಲರ್ಧವನ್ನು ಉದ್ಧರಿಸಿ, ಲೆಕ್ಕ ಕೇಳಿದಾಗ ಉತ್ತರಾರ್ಧವನ್ನು ಮರೆಯುವ ಪರಿಪಾಠ ಸಾಧುವಲ್ಲ. ಅಸ್ತೇಯ ಮತ್ತು ಅಪರಿಗ್ರಹಗಳನ್ನು ಬೋಧಿಸುವ ಧರ್ಮದ ದತ್ತಿಗೆ ತೆರೆದ ಲೆಕ್ಕಪುಸ್ತಕವು ಹೊರೆಯಾಗಲಾರದು.

ಆವಶ್ಯಕತೆಯ ಒರೆಗಲ್ಲು

ಧರ್ಮದ ಸಿದ್ಧಾಂತದಿಂದಲೇ ಧರ್ಮವನ್ನು ಅರಿಯಬೇಕೆಂಬ 1954ರ ಮಾತು ಹೆಚ್ಚು ಕಾಲ ಉಳಿಯಲಿಲ್ಲ. ಮೂಲ್ಕಿಯ ವೆಂಕಟರಮಣ ದೇವಾಲಯದ 1958ರ ಪ್ರಕರಣದಲ್ಲಿ ನ್ಯಾಯಾಲಯವು ಪಂಗಡದ ಹಕ್ಕಿಗಿಂತ ದೇವಾಲಯ ಪ್ರವೇಶದ ಹಕ್ಕೇ ಮೇಲೆಂದು ನಿರ್ಣಯಿಸಿ, ಕೆಲವು ವಿಶೇಷ ಸೇವೆಗಳನ್ನು ಮಾತ್ರ ಪಂಗಡಕ್ಕೆ ಮೀಸಲಿಟ್ಟಿತು. ಅದು ಸಮತೆಯ ಪರವಾದ, ಸ್ವಾಗತಾರ್ಹವಾದ ತೀರ್ಪು. ಆದರೆ 1961ರಲ್ಲಿ ಅಜ್ಮೇರಿನ ದರ್ಗಾ ಸಮಿತಿಯ ಪ್ರಕರಣದಲ್ಲಿ ಹೊಸದೊಂದು ಧೋರಣೆ ತಲೆದೋರಿತು. ಧರ್ಮದ ಹೆಸರಿನಲ್ಲಿ ನಡೆಯುವ ಆಚರಣೆಗಳು ಮೂಢನಂಬಿಕೆಯಿಂದ ಹುಟ್ಟಿ ಹೊರಗಿನಿಂದ ಸೇರಿಕೊಂಡವಾಗಿರಬಹುದು. ಅವುಗಳನ್ನು ಜರಡಿ ಹಿಡಿದು ಆವಶ್ಯಕವಾದುದಕ್ಕೆ ಮಾತ್ರ ರಕ್ಷಣೆ ನೀಡಬೇಕು ಎಂಬುದು ಆ ಧೋರಣೆ. ಜರಡಿ ಹಿಡಿಯುವವರು ನ್ಯಾಯಮೂರ್ತಿಗಳು. ಹೀಗೆ ಕಾನೂನಿನ ಪೀಠವು ಆಗಮಗಳ ವ್ಯಾಖ್ಯಾನಪೀಠವೂ ಆಯಿತು.

ಈ ಒರೆಗಲ್ಲಿನ ದೋಷವನ್ನು ಜೈನ ಸಮಾಜವು ಅತ್ಯಂತ ತೀಕ್ಷ್ಣವಾಗಿ ಅನುಭವಿಸಿದುದು ಸಲ್ಲೇಖನದ ವಿಷಯದಲ್ಲಿ. 2006ರಲ್ಲಿ ಸಲ್ಲಿಸಲಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ ರಾಜಸ್ಥಾನ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ತೀರ್ಪು ನೀಡಿ, ಸಂಥಾರವನ್ನು ಆತ್ಮಹತ್ಯೆಯೆಂದು ಪರಿಗಣಿಸಿ ಕ್ರಮ ಕೈಗೊಳ್ಳಬೇಕೆಂದು ರಾಜ್ಯಕ್ಕೆ ಆದೇಶಿಸಿತು. ಮೋಕ್ಷಸಾಧನೆಗೆ ಇದು ಅನಿವಾರ್ಯವೆಂದು ಜೈನ ಗ್ರಂಥಗಳಿಂದಾಗಲಿ ಮುನಿಗಳ ಆಚರಣೆಯಿಂದಾಗಲಿ ಸಿದ್ಧವಾಗಿಲ್ಲವೆಂಬುದು ಅದು ಕೊಟ್ಟ ಕಾರಣ. ದೇಶದಾದ್ಯಂತ ಜೈನರು ಮೌನ ಮೆರವಣಿಗೆಗಳನ್ನು ನಡೆಸಿದರು. ಅದೇ ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ರಾಜಸ್ಥಾನದ ತೀರ್ಪನ್ನು ಅಜ್ಞಾನದ ಫಲವೆಂದು ಜರೆಯುವುದು ಸುಲಭ. ಒರೆಗಲ್ಲನ್ನು ಪರಿಶೀಲಿಸುವುದು ಹೆಚ್ಚು ಪ್ರಯೋಜನಕರ. ಸಲ್ಲೇಖನವು ವ್ರತ. ವ್ರತವೆಂಬುದರ ಪ್ರಾಣವೇ ಸ್ವಸಂಕಲ್ಪ. ಅದು ಪ್ರತಿಯೊಬ್ಬ ಶ್ರಾವಕನ ಮೇಲೂ ಕಡ್ಡಾಯವಾಗಿದ್ದಿದ್ದರೆ ವ್ರತವೇ ಆಗುತ್ತಿರಲಿಲ್ಲ. ಎಲ್ಲರಿಗೂ ಅನಿವಾರ್ಯವೇ ಎಂದು ಕೇಳುವ ಒರೆಗಲ್ಲಿನ ಮೇಲೆ, ಸ್ವಂತ ಇಚ್ಛೆಯಿಂದ ಕೈಗೊಂಡದ್ದೆಂಬ ಕಾರಣದಿಂದಲೇ ವ್ರತವು ಸೋಲುತ್ತದೆ. ಬಲವಂತದ ವಿಧಿಗೆ ರಕ್ಷಣೆ ದೊರೆತು, ಮುಕ್ತ ಸಂಕಲ್ಪಕ್ಕೆ ದೊರೆಯದಿರುವುದು ಸ್ವಾತಂತ್ರ್ಯದ ಹೆಸರಿನಲ್ಲಿ ನಡೆಯುವ ವಿಪರ್ಯಾಸ.

ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗಗಳ ಸಂದರ್ಭಕ್ಕೆ ಸಲ್ಲೇಖನವನ್ನು ವಿಧಿಸುತ್ತದೆ. ಬದುಕಬೇಕೆಂಬ ಆಶೆಯಂತೆಯೇ ಸಾಯಬೇಕೆಂಬ ಆಶೆಯನ್ನೂ ಅದು ಅತಿಚಾರವೆಂದು, ಅಂದರೆ ವ್ರತಕ್ಕೆ ತಟ್ಟುವ ದೋಷವೆಂದು ಎಣಿಸುತ್ತದೆ. ಮರಣವನ್ನು ಬಯಸುವುದೇ ದೋಷವಾಗಿರುವ ವ್ರತವನ್ನು ಆತ್ಮಹತ್ಯೆಯೊಡನೆ ಸಮೀಕರಿಸುವುದು ಹೇಗೆ? ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿದಿಗಲ್ಲುಗಳು ಶತಮಾನಗಳ ಕಾಲ ಈ ವ್ರತದ ಸ್ಮರಣೆಯನ್ನು ಹೊತ್ತು ನಿಂತಿವೆ. ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಕೈಗೊಂಡಾಗ ಇದೇ ಸಂವಿಧಾನ ಜಾರಿಯಲ್ಲಿತ್ತು. ಈಚಿನ ಕಾನೂನೂ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಪ್ರಯತ್ನವನ್ನು ಸಾಮಾನ್ಯ ಅಪರಾಧವೆನ್ನುವ ಹಳೆಯ ಕಲಮು ಉಳಿದಿಲ್ಲ. ಸಾರ್ವಜನಿಕ ನೌಕರನ ಮೇಲೆ ಒತ್ತಡ ತರಲು ಮಾಡುವ ಪ್ರಯತ್ನ ಮಾತ್ರ ಅಪರಾಧವಾಗಿದೆ. ಆದರೆ ಪ್ರೇರಣೆ ನೀಡುವುದು ಇಂದಿಗೂ ಅಪರಾಧವೇ ಆಗಿರುವುದರಿಂದ ಪ್ರಶ್ನೆ ಪೂರ್ತಿಯಾಗಿ ಇತ್ಯರ್ಥವಾಗಿಲ್ಲ.

ಬಿಟ್ಟುಹೋದ ದಾರಿ

ಆವಶ್ಯಕತೆಯ ಒರೆಗಲ್ಲಿಗೆ ಪರ್ಯಾಯವಾದ ದಾರಿಯೊಂದನ್ನು ಸರ್ವೋಚ್ಚ ನ್ಯಾಯಾಲಯವೇ 1986ರಲ್ಲಿ ತೋರಿಸಿತ್ತು. ಕೇರಳದಲ್ಲಿ ಯೆಹೋವನ ಸಾಕ್ಷಿಗಳೆಂಬ ಪಂಗಡಕ್ಕೆ ಸೇರಿದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ತಮ್ಮ ನಂಬಿಕೆ ಒಪ್ಪದ ಕಾರಣ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ತೀರ್ಪು ಆ ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿತು. ನಂಬಿಕೆಯು ತಮಗೆ ಯುಕ್ತವೆಂದು ತೋರುವುದೇ ಎಂಬುದನ್ನು ನ್ಯಾಯಾಧೀಶರು ನೋಡಬೇಕಾಗಿಲ್ಲ. ಅದು ಪ್ರಾಮಾಣಿಕವಾಗಿ, ಅಂತಃಸಾಕ್ಷಿಪೂರ್ವಕವಾಗಿ ತಳೆದ ನಂಬಿಕೆಯೇ ಎಂಬುದೇ ಪ್ರಶ್ನೆ ಎಂದು ಆ ತೀರ್ಪು ಎತ್ತಿ ಹೇಳಿತು. 25ನೆಯ ಅನುಚ್ಛೇದದ ಮೊದಲ ಪದಕ್ಕೆ ಅಪರೂಪವಾಗಿ ಸಂದ ಮನ್ನಣೆಯಿದು.

ಈ ದಾರಿಯಲ್ಲಿ ಮುಂದೆ ಹೆಚ್ಚು ಜನ ನಡೆಯಲಿಲ್ಲ. ಶಾಲಾಕಾಲೇಜುಗಳ ಸಮವಸ್ತ್ರ ಮತ್ತು ಹಿಜಾಬಿನ ಪ್ರಶ್ನೆಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2022ರ ಮಾರ್ಚ್ 15ರಂದು ಆವಶ್ಯಕತೆಯ ಒರೆಗಲ್ಲನ್ನೇ ಬಳಸಿತು. ಅಂತಃಸಾಕ್ಷಿಯ ವಾದಕ್ಕೆ ಸಾಕಷ್ಟು ಆಧಾರವನ್ನು ಮುಂದಿಟ್ಟಿಲ್ಲವೆಂದು ಹೇಳಿತು. ಅದೇ ವರ್ಷದ ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗಳನ್ನು ನೀಡಿದರು. ಅವರಲ್ಲಿ ನ್ಯಾಯಮೂರ್ತಿ ಧುಲಿಯಾ ಅವರು ಈ ವಿವಾದಕ್ಕೆ ಆ ಒರೆಗಲ್ಲೇ ಬೇಕಿಲ್ಲವೆಂದು ಹೇಳಿ, 1986ರ ತೀರ್ಪನ್ನು ಆಶ್ರಯಿಸಿದರು. ಹಿಜಾಬಿನ ವಿಷಯದಲ್ಲಿ ಜೈನ ಕುಟುಂಬಗಳ ಅಭಿಪ್ರಾಯಗಳು ಏನೇ ಇರಲಿ, ಸಂಥಾರವನ್ನು ತೂಗಿದ ತಕ್ಕಡಿಯೂ ಆ ವಿದ್ಯಾರ್ಥಿನಿಯರ ವಸ್ತ್ರವನ್ನು ತೂಗಿದ ತಕ್ಕಡಿಯೂ ಒಂದೇ ಎಂಬುದನ್ನು ಗುರುತಿಸಬೇಕು. ಒಂದೆಡೆ ತಕ್ಕಡಿಯನ್ನು ಆಕ್ಷೇಪಿಸಿ ಇನ್ನೊಂದೆಡೆ ಮೆಚ್ಚುವುದು ಸಮ್ಯಕ್ ಜ್ಞಾನದ ಲಕ್ಷಣವಲ್ಲ.

ಸಮಾಜದ ಹೊಣೆ

ಜೈನ ಸಂಘಟನೆಗಳ ಶಕ್ತಿಯ ಬಹುಭಾಗ ಅಲ್ಪಸಂಖ್ಯಾತ ಸ್ಥಾನದ ಬೇಡಿಕೆಗೆ ವಿನಿಯೋಗವಾಯಿತು. 1993ರಲ್ಲಿ ಕೇಂದ್ರ ಸರಕಾರವು ಐದು ಸಮುದಾಯಗಳನ್ನು ಅಲ್ಪಸಂಖ್ಯಾತರೆಂದು ಅಧಿಸೂಚಿಸಿದಾಗ ಜೈನರ ಹೆಸರಿರಲಿಲ್ಲ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರಕಾರಕ್ಕೆ ಅಂತಹ ಆದೇಶ ನೀಡಲು ನಿರಾಕರಿಸಿತು. 2014ರ ಜನವರಿಯಲ್ಲಿ ಅಧಿಸೂಚನೆ ಹೊರಟಿತು. 2011ರ ಜನಗಣತಿಯಂತೆ ದೇಶದಲ್ಲಿ ಸುಮಾರು 44.5 ಲಕ್ಷದಷ್ಟಿದ್ದ ಸಮುದಾಯಕ್ಕೆ ತನ್ನ ವಿದ್ಯಾಸಂಸ್ಥೆಗಳ ಮತ್ತು ಮಂದಿರಗಳ ರಕ್ಷಣೆಯ ಚಿಂತೆ ಸಹಜವಾದುದು. ಆದರೆ ಅಧಿಸೂಚನೆಯು ಸೌಲಭ್ಯಗಳಿಗೆ ಬಾಗಿಲು ತೆರೆಯುತ್ತದೆಯೇ ಹೊರತು ಸಲ್ಲೇಖನಕ್ಕೆ ಎದುರಾದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಇನ್ನೊಂದು ಪ್ರಕರಣವೂ ಇಲ್ಲಿ ಪ್ರಸ್ತುತ. ಅಹಮದಾಬಾದಿನಲ್ಲಿ ಪರ್ಯುಷಣದ ಒಂಬತ್ತು ದಿನ ಕಸಾಯಿಖಾನೆಗಳನ್ನು ಮುಚ್ಚುವ ನಿರ್ಣಯವನ್ನು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಎತ್ತಿಹಿಡಿಯಿತು. ಅವಧಿ ಅಲ್ಪವಾದುದರಿಂದ ವೃತ್ತಿಸ್ವಾತಂತ್ರ್ಯದ ಮೇಲಿನ ಆ ನಿರ್ಬಂಧವು ಯುಕ್ತವೆಂಬುದು ಅದರ ಆಧಾರ. ಅಂದರೆ ಅಲ್ಲಿ ಸಂದುದು ಜೈನರ ಹಕ್ಕಲ್ಲ. ಜೈನರ ಭಾವನೆಗಾಗಿ ಬೇರೆಯವರು ತಮ್ಮ ದುಡಿಮೆಯಲ್ಲಿ ಮಾಡಿದ ತ್ಯಾಗ. ದಿನಗೂಲಿಯನ್ನು ನಂಬಿದವನ ಒಂಬತ್ತು ದಿನಗಳ ಸಂಪಾದನೆಯನ್ನು ಲಘುವಾಗಿ ಎಣಿಸುವುದು ಅಹಿಂಸೆಯ ಸೂಕ್ಷ್ಮತೆಗೆ ಒಪ್ಪುವುದಿಲ್ಲ.

ಅಂತಃಸಾಕ್ಷಿಯ ಹೆಸರಿನಲ್ಲಿ ರಾಜ್ಯದಿಂದ ರಕ್ಷಣೆ ಕೇಳುವ ಸಮಾಜವು ತನ್ನೊಳಗಿನ ವ್ಯಕ್ತಿಯ ಅಂತಃಸಾಕ್ಷಿಗೂ ಸ್ಥಳ ಕೊಡಬೇಕಾಗುತ್ತದೆ. ದಾವೂದಿ ಬೋಹ್ರಾ ಸಮುದಾಯದ ಬಹಿಷ್ಕಾರದ ಪ್ರಕರಣದಲ್ಲಿ 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹಿಷ್ಕಾರವನ್ನು ನಿಷೇಧಿಸಿದ ಮುಂಬಯಿಯ 1949ರ ಕಾಯಿದೆಯನ್ನು ಅಸಿಂಧುಗೊಳಿಸಿತು. ಮುಖ್ಯ ನ್ಯಾಯಮೂರ್ತಿ ಸಿನ್ಹಾ ಅವರು ಬಹಿಷ್ಕೃತನ ಬಾಳು ಅಸ್ಪೃಶ್ಯನ ಬಾಳಿಗೆ ಸಮೀಪವಾದುದೆಂಬ ಕಾಳಜಿಯಿಂದ ಭಿನ್ನಮತವನ್ನು ಬರೆದರು. 2023ರಲ್ಲಿ ಆ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಯಾವ ಸಮುದಾಯವೂ ಇದನ್ನು ಬೇರೆಯವರ ಮನೆಯ ಸುದ್ದಿಯೆಂದು ಓದುವಂತಿಲ್ಲ. ಅನ್ಯಧರ್ಮೀಯನನ್ನು ವರಿಸಿದ ಮಗಳಿಗೆ ಬಸದಿಯಲ್ಲಿ ಯಾವ ಸ್ಥಾನ? ಲೆಕ್ಕ ಕೇಳಿದ ಸದಸ್ಯನಿಗೆ ಸಭೆಯಲ್ಲಿ ಯಾವ ಮರ್ಯಾದೆ? ದೀಕ್ಷೆಗೆ ಮುಂದಾದ ಬಾಲಕನ ಸಂಕಲ್ಪ ಅವನದೇ, ಸುತ್ತಲಿನವರ ಉತ್ಸಾಹವೇ?

ಸಲ್ಲೇಖನದ ವಿಷಯದಲ್ಲಂತೂ ಈ ಹೊಣೆ ಗುರುತರವಾದುದು. ಮುಕ್ತ ಸಂಕಲ್ಪವೆಂಬ ವಾದವನ್ನು ನ್ಯಾಯಾಲಯದ ಮುಂದಿಡುವವರು ಸಂಕಲ್ಪವು ಮುಕ್ತವಾಗಿಯೇ ಇದ್ದಿತೆಂಬುದನ್ನು ತೋರಿಸಲು ಸಿದ್ಧರಿರಬೇಕು. ವ್ರತಾಕಾಂಕ್ಷಿಯ ಮಾತನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಿಕೊಳ್ಳುವುದು, ಮನಸ್ಸು ಬದಲಾದರೆ ಹಿಂದೆ ಸರಿಯಲು ಅವಕಾಶವಿದೆಯೆಂದು ಸ್ಪಷ್ಟವಾಗಿ ತಿಳಿಸುವುದು, ವೈದ್ಯರ ಅಭಿಪ್ರಾಯ ಪಡೆಯುವುದು, ಆಸ್ತಿಯಲ್ಲಿ ಹಿತಾಸಕ್ತಿಯುಳ್ಳವರನ್ನು ನಿರ್ಧಾರದಿಂದ ದೂರವಿಡುವುದು, ಅವರ ಅಂತಿಮ ದಿನಗಳನ್ನು ಪ್ರದರ್ಶನವಾಗಿ ಮಾರ್ಪಡಿಸದಿರುವುದು ಇವು ಯಾವ ಶಾಸ್ತ್ರಕ್ಕೂ ವಿರುದ್ಧವಲ್ಲ. ಗುರುವಿನ ಅನುಮತಿಯಿಲ್ಲದೆ ವ್ರತವಿಲ್ಲವೆಂಬ ಪರಂಪರೆಯ ನಿಯಮದ ಹಿಂದಿರುವುದೂ ಇದೇ ಎಚ್ಚರ.

ಸಂವಿಧಾನದ ಮೂಲ ಹಸ್ತಪ್ರತಿಯನ್ನು ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು ಚಿತ್ರಗಳಿಂದ ಅಲಂಕರಿಸಿದರು. ಭಗವಾನ್ ಮಹಾವೀರರ ಚಿತ್ರವೂ ಅದರಲ್ಲಿದೆ. ಅದಿರುವುದು ರಾಜ್ಯಗಳ ಆಡಳಿತವನ್ನು ಕುರಿತ ಆರನೆಯ ಭಾಗದ ಮೊದಲಲ್ಲಿ. ಮೂಲಭೂತ ಹಕ್ಕುಗಳ ಮೂರನೆಯ ಭಾಗದಲ್ಲಿ ಅಲ್ಲ. ಈ ಸ್ಥಾನಕ್ಕೆ ವಿಶೇಷಾರ್ಥವನ್ನು ಹಚ್ಚಬೇಕಾಗಿಲ್ಲ. ಆದರೂ ಮಂದಿರದ ಟ್ರಸ್ಟುಗಳು ವಾರ್ಷಿಕ ಸಭೆಯಲ್ಲಿ ತಮ್ಮ ನಿಯಮಾವಳಿಯನ್ನು ಕೈಗೆತ್ತಿಕೊಂಡಾಗ ಆ ಚಿತ್ರವನ್ನು ನೆನೆಯುವುದು ಉಚಿತ. ಅಭಿಪ್ರಾಯಭೇದಕ್ಕಾಗಿ ಸದಸ್ಯನನ್ನು ಹೊರಗಿಡುವ ನಿಯಮ ಅದರಲ್ಲಿದೆಯೇ, ದರ್ಶನಕ್ಕೆ ಬರುವವರ ಜಾತಿಯನ್ನು ಕೇಳುವ ಪದ್ಧತಿ ಎಲ್ಲಿಯಾದರೂ ಉಳಿದಿದೆಯೇ, ಲೆಕ್ಕಪತ್ರಗಳು ಶ್ರಾವಕರೆಲ್ಲರಿಗೂ ದೊರೆಯುತ್ತವೆಯೇ ಎಂದು ಒಂದೊಂದಾಗಿ ನೋಡಬಹುದು. ಅದಕ್ಕೆ ಯಾವ ನ್ಯಾಯಾಲಯದ ಆದೇಶವೂ ಬೇಕಾಗಿಲ್ಲ.